ಹಾಡಬಾರದವನ ಹಾಡು

ಬಣ್ಣದ ಕೋಣೆಯ ಮೈಕಿಗೆ ಜೋಡಿಸಿದ ಗೋಡೆಯ ಸ್ಪೀಕರಿನಿಂದ ನಮ್ಮ ಹಾಡುಗಾರ ಮರುದನಿಯ ಹಾಡು ಕೇಳಿಬಂದಾಗ ನಾವು ಮೂವರು ವೇದಿಕೆಯ ಹಿಂದಿನ ಓಣಿಯಲ್ಲಿ ನಿಂತಿದ್ದೆವು. ವಾದ್ಯವಿಲ್ಲ, ತಾಳವಿಲ್ಲ, ಬರೀ ಕೊರಳು. ದೊರೆಯ ಹಾಡುಗಳಲ್ಲೇ ಅತಿ ಎತ್ತರದ ಸಾಲನ್ನು ಅದು ಸರಾಗವಾಗಿ ಏರಿತು, ತುದಿಯಲ್ಲಿ ಒಂದಿಷ್ಟು ಹೊತ್ತು ನಿಂತಿತು, ಆಮೇಲೆ ಸಣ್ಣಗೆ ನಕ್ಕು ಸುಮ್ಮನಾಯಿತು.

"ಕೇಳಿದ್ರಾ? ನಮ್ಮ ದೊರೆ ರೆಡಿ," ಎಂದ ಅಭಿಮಾನಿ ಸಂಘದ ಅಧ್ಯಕ್ಷ.

ಗಿಟಾರಿನ ತಂತಿಯ ಮೇಲಿದ್ದ ಅಕ್ಕನ ಕೈ ನಿಂತಿತು. ನನ್ನ ಕಿವಿಯ ಹತ್ತಿರ ಬಾಗಿ, "ಅವನು ಹಾಡಬಾರದಲ್ಲ," ಎಂದು ಪಿಸುಗುಟ್ಟಿದಳು.

ದೊರೆ ಎಂದರೆ ಒಂದು ಹಳೆಯ ರಾಕ್ ಬ್ಯಾಂಡಿನ ಹಾಡುಗಾರ. ಅವನು ಸತ್ತು ಎಷ್ಟೋ ವರ್ಷಗಳಾದರೂ ಅಭಿಮಾನಿಗಳು ವರ್ಷಕ್ಕೊಮ್ಮೆ, ಶನಿವಾರ ಭಾನುವಾರ, ಈ ಹಳೆಯ ರಂಗಮಂದಿರದಲ್ಲಿ ಸೇರುತ್ತಾರೆ. ಬಂದವರೆಲ್ಲ ಅವನಂತೆಯೇ ಮುಖಕ್ಕೆ ಬಿಳಿ ಬಳಿದು, ಕಣ್ಣಿನ ಮೇಲೆ ಅಡ್ಡಲಾಗಿ ಒಂದು ಕಪ್ಪು ಪಟ್ಟಿ ಎಳೆದುಕೊಂಡಿರುತ್ತಾರೆ. ಎತ್ತ ತಿರುಗಿದರೂ ಅದೇ ಸತ್ತವನ ಮುಖ. ಅವನ ಹಾಡುಗಳನ್ನು ಹಾಡುವುದು ನಮ್ಮ ತಂಡ. ವಾರವೆಲ್ಲ ಶಾಲಾ ವ್ಯಾನು ಓಡಿಸುವ ನಾನು ಡ್ರಮ್ಸ್ ಬಾರಿಸುತ್ತೇನೆ. ಗಿಟಾರು ನುಡಿಸುವವಳನ್ನು ತಂಡದಲ್ಲೆಲ್ಲ ಅಕ್ಕ ಎನ್ನುತ್ತೇವೆ. ಹಾಡುವವನು ಅವಳ ಒಡಹುಟ್ಟಿದ ತಮ್ಮ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು. ದನಿ ಮಾತ್ರ ದೊರೆಯದೇ ಪಡಿಯಚ್ಚು. ಅದಕ್ಕೇ ಎಲ್ಲರಿಗೂ ಅವನು ಮರುದನಿ.

ಅವನು ವೇದಿಕೆ ಹತ್ತುವ ಮುಂಚೆ ಹಾಡಬಾರದೆಂದು ಹೇಳಿದವರು ನನ್ನ ಭಾವ. ನಿವೃತ್ತ ಕಿವಿ ಗಂಟಲು ವೈದ್ಯರು, ನನ್ನೊಡನೆಯೇ ಇರುವವರು. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಕಾಣೆಯಾದರೂ ಪೊಲೀಸರಿಗಿಂತ ಮೊದಲು ಅವರ ಬಾಗಿಲು ತಟ್ಟುತ್ತಾರೆ. ಬೆಳಿಗ್ಗೆ ಮರುದನಿಯ ಗಂಟಲಿಗೆ ದೀಪ ಬಿಟ್ಟು ನೋಡಿ, "ಒಳಗೆ ಊದಿಕೊಂಡಿದೆ ಕಣಯ್ಯ. ವೇದಿಕೆ ಹತ್ತೋವರೆಗೂ ಪಿಟ್ಟೆನ್ನಬೇಡ. ಮೇಲಿನ ಸ್ವರವಂತೂ ಇವತ್ತು ಬರೋದೇ ಇಲ್ಲ," ಎಂದಿದ್ದರು. ಅದಕ್ಕಾಗಿ ಎಲ್ಲ ಹಾಡುಗಳ ಶ್ರುತಿ ಇಳಿಸಿಕೊಂಡೆವು. ಹೊರಗೆ ಗೊತ್ತಾದರೆ ರಂಪವಾದೀತೆಂದು ವಿಷಯವನ್ನು ನಮ್ಮ ನಾಲ್ವರಲ್ಲೇ ಇಟ್ಟುಕೊಂಡೆವು.

ಹೀಗಾಗಿ ದನಿ ಕೇಳಿದಾಗ ನನಗೆ ಬಂದದ್ದು ಸಿಟ್ಟು. ಹೇಳಿದ ಮಾತು ಕೇಳದ ಹುಂಬ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಣ್ಣದ ಕೋಣೆಯ ಕಡೆಯಿಂದ ದೊರೆಯ ಖಾಸಾ ತಮ್ಮ ಬಿರಬಿರನೆ ಬಂದು, ನಮ್ಮತ್ತ ನೋಡದೆ ಹೊರಟುಹೋದ. ಈ ಸಲದ ಮುಖ್ಯ ಅತಿಥಿ ಅವನೇ. ಮರುದನಿಯನ್ನು ಕಂಡರೆ ಅವನಿಗಾಗದು. "ನಮ್ಮಣ್ಣನ ಹೆಣಾನ ಇನ್ನೆಷ್ಟು ದಿನ ಕುಣಿಸ್ತೀಯ?" ಎಂದು ಬೆಳಿಗ್ಗೆ ಎಲ್ಲರೆದುರೇ ಕೂಗಾಡಿದ್ದ.

ವೇದಿಕೆಗೆ ಕರೆಯಲು ಹೋಗಿ ಬಾಗಿಲು ಬಡಿದೆವು. ಉತ್ತರವಿಲ್ಲ. ತಳ್ಳಿದೆವು.

ಮರುದನಿ ಕನ್ನಡಿಯೆದುರು ನೆಟ್ಟಗೆ ಕೂತಿದ್ದ. ಬಿಳಿ ಮುಖ, ಕಪ್ಪು ಪಟ್ಟಿ, ತೆರೆದ ಕಣ್ಣು. ಮೇಜಿನ ಮೇಲಿದ್ದ ಮೈಕಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅದರ ತಂತಿ ಅವನ ಕತ್ತನ್ನು ಬಿಗಿದಿತ್ತು. ಅಧ್ಯಕ್ಷ ಎಲ್ಲರಿಗಿಂತ ಮುಂಚೆ ಒಳನುಗ್ಗಿದ. ಕೋಟು ಕಿತ್ತು ಮೇಜಿನ ಮೇಲೆ ಎಸೆದು, "ದೊರೆ! ದೊರೆ!" ಎನ್ನುತ್ತ ಅವನ ಹೆಗಲು ಹಿಡಿದು ಅಲುಗಾಡಿಸಿದ. ಆಮೇಲೆ ಕೋಟನ್ನು ಎದೆಗವುಚಿಕೊಂಡು ಮೂಲೆಯಲ್ಲಿ ಕುಸಿದು ಕೂತ. ಅಕ್ಕ ಅಳಲಿಲ್ಲ. ತಮ್ಮನ ಕತ್ತಿನ ತಂತಿ ಬಿಡಿಸಲು ಹೋದವಳನ್ನು ನಾನೇ ಹಿಡಿದು ನಿಲ್ಲಿಸಿದೆ.

ಹೊರಗೆ ಸುದ್ದಿ ಹಬ್ಬಿತು. ಸಭೆಯಲ್ಲಿದ್ದವರಿಗೂ ಆ ದನಿ ಕೇಳಿಸಿತ್ತಂತೆ. ದೊರೆ ತಾನೇ ಬಂದು ಹಾಡಿ ತನ್ನ ನೆರಳನ್ನು ಕರೆದುಕೊಂಡು ಹೋದ ಎಂದು ಯಾರೋ ಅಂದರು. ಇಡೀ ಸಭೆ ಎದ್ದು ನಿಂತಿತು. ಒಂದು ಕೆಮ್ಮಿಲ್ಲ, ಒಂದು ಪಿಸುಮಾತಿಲ್ಲ. ಪರದೆಯ ಸಂದಿಯಿಂದ ಇಣುಕಿದರೆ ಅಷ್ಟೂ ಬಿಳಿ ಮುಖಗಳು ನನ್ನತ್ತಲೇ ನೋಡುತ್ತಿದ್ದವು.

ಬಂದ ಇನ್ಸ್‌ಪೆಕ್ಟರಮ್ಮ ದೊರೆಯ ತಮ್ಮನನ್ನು ಹಿಡಿದು ಕೂರಿಸಿದರು. ದನಿ ಕೇಳಿದ ಮೇಲೆ ಆ ಕೋಣೆಯ ಕಡೆ ಹೋಗಿ ಬಂದವನು ಅವನೊಬ್ಬನೇ.

"ಬೆಳಿಗ್ಗೆ ಆಡಿದ್ದಕ್ಕೆ ಕ್ಷಮೆ ಕೇಳೋಣ ಅಂತ ಹೋದೆ. ಬಾಗಿಲು ತಟ್ಟಿದೆ, ತೆಗೀಲಿಲ್ಲ. ಇಷ್ಟೊಂದು ಕೊಬ್ಬಾ ಅಂತ ವಾಪಸ್ ಬಂದೆ. ಅಷ್ಟೇ," ಎಂದ ಅವನು.

ಭಾವ ಬಂದದ್ದು ಆಗ, ಕಿವಿಯಿಂದ ಹತ್ತಿ ತೆಗೆಯುತ್ತ. ಗದ್ದಲ ಆಗದವರು ಹಿಂದಿನ ಸಾಲಿನಲ್ಲಿ ಕಿವಿ ಮುಚ್ಚಿಕೊಂಡು ಕೂತಿದ್ದರು. ಎಲ್ಲರೂ ಕೇಳಿದ ದನಿಯನ್ನು ಕೇಳದವರು ಅವರೊಬ್ಬರೇ. ಶವವನ್ನು ನೋಡಿ, ಕೆಂಪು ದೀಪ ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು.

"ಏನು ಕೇಳಿಸ್ತು? ಬಿಡದೆ ಹೇಳು."

ಹೇಳಿದೆ. ನಗೆಯ ಮಾತು ಬಂದಾಗ ತಡೆದರು. "ಆ ನಗು ಮೊದಲೆಲ್ಲಾದ್ರೂ ಕೇಳಿದ್ದೀಯಾ?"

ಯೋಚಿಸಿದೆ. ಕೇಳಿದ್ದೆ. "ಹೋದ ವರ್ಷ ತಾಲೀಮಲ್ಲಿ ಸುಮ್ನೆ ತಿರುಗಿಸ್ತಿದ್ದ ಡ್ರಮ್ಸ್ ಕೋಲು ಹಾರಿ ನನ್ನ ಮೂಗಿಗೇ ಬಡೀತು. ವಾದ್ಯವಿಲ್ಲದೆ ಆ ಸಾಲು ಹಾಡ್ತಿದ್ದವನು ಕೊನೇಲಿ ಹೀಗೇ ನಕ್ಕುಬಿಟ್ಟಿದ್ದ."

"ಆಗ ಯಾರಿದ್ರು?"

"ನಾವು ಮೂವರು. ಅಧ್ಯಕ್ಷ ಮುಂದೆ ಕೂತು ಫೋನಲ್ಲಿ ವಿಡಿಯೋ ತೆಗೀತಿದ್ದ."

ಆಮೇಲೆ ಭಾವ ಅಕ್ಕನ ಪಕ್ಕ ಕೂತು, ದನಿ ಕೇಳುವ ಮುಂಚೆ ಯಾರ್ಯಾರು ಎಲ್ಲಿದ್ದರೆಂದು ಕೇಳಿದರು. ನಾನೂ ಅವಳೂ ಓಣಿಯ ಇನ್ನೊಂದು ತುದಿಯಲ್ಲಿ ತಂತಿ ಬಿಗಿಯುತ್ತಿದ್ದೆವು. ದೊರೆಯ ತಮ್ಮ ವೇದಿಕೆಯಲ್ಲಿ ಭಾಷಣ ಮಾಡುತ್ತಿದ್ದ. ಅಧ್ಯಕ್ಷ ಬಾಗಿಲ ಕಾವಲು ನೋಡಿ ಬರುತ್ತೇನೆಂದು ಹೋಗಿದ್ದವನು ದನಿ ಬರುವ ತುಸು ಮುಂಚೆ ನಮ್ಮನ್ನು ಕೂಡಿಕೊಂಡಿದ್ದ.

"ನಿನ್ನ ತಮ್ಮನಿಗೆ ಏನಾದರೂ ಚಿಂತೆ ಇತ್ತಾ?"

"ಚಿಂತೆ ಏನಿಲ್ಲ ಡಾಕ್ಟ್ರೇ. ಇದೇ ಕೊನೇ ಸಲ, ಇನ್ನು ನನ್ನ ಹಾಡು ನಾನು ಹಾಡ್ತೀನಿ ಅಂತ ನಿನ್ನೆ ಎಲ್ಲರಿಗೂ ಹೇಳಿದ್ದ. ಖುಷಿಯಾಗಿದ್ದ," ಎಂದಳು. ಆಗ ಅವಳಿಗೆ ಅಳು ಒತ್ತರಿಸಿ ಬಂತು.

ಭಾವ ಎಲ್ಲರನ್ನೂ ವೇದಿಕೆಯ ಮೇಲೆ ಸೇರಿಸಿದರು. ಪರದೆ ಇಳಿಬಿಟ್ಟಿತ್ತು. ಅದರಾಚೆ ನಿಂತ ಜನರ ಉಸಿರಾಟ ಮಾತ್ರ ಕೇಳುತ್ತಿತ್ತು.

"ಆ ದನಿ ಕೇಳಿದಾಗ ಹುಡುಗ ಬದುಕಿದ್ದ ಅಂತ ನೀವೆಲ್ಲ ನಂಬಿದ್ರಿ," ಭಾವ ಶುರುಮಾಡಿದರು. "ಹಾಗಿದ್ರೆ ಕೊಂದವನು ದೊರೆಯ ತಮ್ಮನೇ. ಆದ್ರೆ ಬೆಳಿಗ್ಗೆ ನಾನು ನೋಡಿದ ಗಂಟಲಿಂದ ಆ ಸ್ವರ ಹೊರಡೋದು ಸಾಧ್ಯವೇ ಇಲ್ಲ. ದೆವ್ವದ ಮಾತು ನಾನೊಪ್ಪಲ್ಲ. ಅಲ್ಲಿಗೆ ಉಳಿದದ್ದು ಒಂದೇ, ಅದು ಹಳೇ ರೆಕಾರ್ಡಿಂಗು. ಉರೀತಿದ್ದ ಮೈಕಿನ ಮುಂದೆ ಯಾರೋ ಇಟ್ಟು ಹೋದದ್ದು. ಹಾಡು ಕೇಳೋ ಹೊತ್ತಿಗೆ ಹುಡುಗ ಸತ್ತಾಗಿತ್ತು."

"ಯಾರು ಇಟ್ಟಿದ್ದು?" ಎಂದರು ಇನ್ಸ್‌ಪೆಕ್ಟರಮ್ಮ.

"ಅದನ್ನ ನಗುವೇ ಹೇಳಿತು. ಹೋದ ವರ್ಷದ ಆ ನಗು ಇದ್ದದ್ದು ತಂಡದವರ ಹತ್ತಿರ, ಇಲ್ಲಾ ವಿಡಿಯೋ ತೆಗೆದವನ ಹತ್ತಿರ. ತಂಡದವರಿಗೆ ಅವನ ಗಂಟಲು ಕೆಟ್ಟಿದ್ದು ಗೊತ್ತಿತ್ತು. ಅವನು ಬದುಕಿದ್ದಾನೆ ಅಂತ ತೋರಿಸೋಕೆ, ಅವನಿಂದಾಗದ ಸ್ವರಾನೇ ಅವರು ಯಾಕೆ ಕೇಳಿಸ್ತಾರೆ? ಇಟ್ಟವನಿಗೆ ಗಂಟಲಿನ ಸುದ್ದಿ ಗೊತ್ತಿರಲಿಲ್ಲ. ಭಾಷಣ ನಡೀವಾಗ ಕೊಂದು, ಯಂತ್ರ ಇಟ್ಟು, ಸಾಕ್ಷಿ ಬೇಕೂಂತ ಇವರ ಪಕ್ಕ ಬಂದು ನಿಂತ. ಬಾಗಿಲು ತೆಗೆದಾಗ ಮೊದಲು ನುಗ್ಗಿ, ಆ ಯಂತ್ರದ ಮೇಲೆ ಕೋಟು ಎಸೆದ." ಭಾವ ತಿರುಗಿದರು. "ಆಗಿನಿಂದ ಆ ಕೋಟು ಕೈಬಿಟ್ಟಿಲ್ಲವಲ್ಲ ಅಧ್ಯಕ್ಷರೇ?"

ಇನ್ಸ್‌ಪೆಕ್ಟರಮ್ಮ ಕೋಟಿನ ಜೇಬಿನಿಂದ ಫೋನ್ ತೆಗೆದು ಒತ್ತಿದರು. ಮೊದಲು ಉದ್ದಾನುದ್ದ ನಿಶ್ಶಬ್ದ, ಕೋಣೆಯಿಂದ ಓಣಿಗೆ ಬಂದು ನಿಲ್ಲುವಷ್ಟು. ಆಮೇಲೆ ಆ ಸಾಲು, ಆ ನಗು. ಪರದೆಯಾಚೆ ಜನ ಒಮ್ಮೆಗೇ ಉಸಿರೆಳೆದುಕೊಂಡರು.

"ಇಷ್ಟು ಹೊತ್ತು ಸಿಕ್ಕಿತ್ತು. ಅಳಿಸಬಹುದಿತ್ತಲ್ಲ?" ಎಂದರು ಅವರು.

"ಹೇಗೆ ಅಳಿಸಲಿ? ಅದು ದೊರೆಯ ದನಿ," ಎಂದ ಅಧ್ಯಕ್ಷ, ಮಗುವಿಗೆ ಹೇಳುವಂತೆ. "ಒಮ್ಮೆ ಸತ್ತವನು ಇವನಲ್ಲಿ ಉಳಿದಿದ್ದ. ಇವನು ಅವನನ್ನ ತೊಳೆದು ಹಾಕ್ತೀನಿ ಅಂದ. ಬೇಡ ಅಂತ ಕಾಲು ಹಿಡಿದೆ. ಒಪ್ಪಿದ್ರೆ ಬಿಟ್ಟುಬಿಡ್ತಿದ್ದೆ. ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ ಮೇಡಂ. ಅಷ್ಟು ತಾತ್ಸಾರ! ಕನ್ನಡೀಲಿ ನನ್ನ ನೋಡ್ತಾ ತಲೆ ಅಲ್ಲಾಡಿಸಿದ ಅಷ್ಟೇ."

"ಮಾತಾಡಬೇಡ ಅಂದಿದ್ದು ನಾನು," ಎಂದರು ಭಾವ.

ಅಧ್ಯಕ್ಷನನ್ನು ಕರೆದೊಯ್ದರು. ದೊರೆಯ ತಮ್ಮ ಅಕ್ಕನ ಮುಂದೆ ಬಂದು ಕೈಮುಗಿದ. ಅಕ್ಕ ಅವನ ಕೈ ತಟ್ಟಿ, ಗಿಟಾರು ಎತ್ತಿಕೊಂಡು, "ಪರದೆ ಎತ್ರಿ," ಎಂದಳು.

ಯಾರೂ ಮನೆಗೆ ಹೋಗಿರಲಿಲ್ಲ. ಅಕ್ಕ ಮೈಕಿನ ಮುಂದೆ ನಿಂತಳು.

"ಇವತ್ತು ನೀವು ಕೇಳಿದ್ದು ದೊರೇನ ಅಲ್ಲ, ನನ್ನ ತಮ್ಮನ್ನ. ಅವನು ಬರೆದ ಒಂದು ಹಾಡು ಇದೆ. ಅಡುಗೆಮನೇಲಿ ಪಾತ್ರೆ ತೊಳೀತಾ ಗುನುಗೋನು. ನನಗೆ ಅಷ್ಟು ಚೆನ್ನಾಗಿ ಹಾಡೋಕೆ ಬರಲ್ಲ."

ಹಾಡಿದಳು. ದನಿ ನಡುಗಿತು, ಎರಡು ಕಡೆ ಶ್ರುತಿ ತಪ್ಪಿತು. ಅಷ್ಟು ವರ್ಷ ಅವನ ಬೆನ್ನಿಗೆ ಕೂತು ಬಾರಿಸಿದವನು ನಾನು. ಆ ಹಾಡಿಗೆ ತಾಳ ಎಲ್ಲಿ ಸೇರಬೇಕೆಂದು ನನಗೆ ತಿಳಿಯಲಿಲ್ಲ. ಕೋಲು ಕೆಳಗಿಟ್ಟು, ಕೇಳುತ್ತ ಕೂತೆ.