ಒಳಗೆ ಬಿಸಿ ಉಳಿದಿದ್ಯಾ?

ಈ ಮನೆಗೆ ಸೊಸೆಯಾಗಿ ಬಂದ ಮೊದಲ ಶನಿವಾರವೇ ಇದು ನಡೆದದ್ದು. ಸರೋವರದ ದಡದಲ್ಲಿರುವ ಕಾದ ಕಲ್ಲಿನ ಉಗಿಮನೆಯಲ್ಲಿ ಎಲ್ಲರ ಸ್ನಾನವೂ ಮುಗಿದು, ಕೊನೆಯವಳಾಗಿ ನಾನು ಬಟ್ಟೆ ತೊಡುತ್ತಿದ್ದೆ. ಹೊರಗೆ ಇನ್ನೂ ಬಿಸಿಲಿತ್ತು. ಬಾಗಿಲಾಚೆಯಿಂದ ಹೆಣ್ಣುದನಿಯೊಂದು ಮೆತ್ತಗೆ ಕೇಳಿತು: "ಒಳಗೆ ಬಿಸಿ ಉಳಿದಿದ್ಯಾ?"

ಕಾಡಿನಾಚೆಯ ನೆರೆಯವರಿರಬೇಕೆಂದು, "ಇದೆ, ಬನ್ನಿ ಅಕ್ಕ," ಎಂದೆ. ಬಾಗಿಲು ತೆರೆದರೆ ಯಾರೂ ಇರಲಿಲ್ಲ. ಹೊಸ್ತಿಲು ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

ಹೋಗಿ ಇದನ್ನು ಹೇಳಿದಾಗ, ಅಂಗಳದಲ್ಲಿ ಕಾಫಿ ಸುರಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ನನ್ನ ನಾದಿನಿ ಹಿಲ್ಯಾ," ಎಂದರು. "ರಷ್ಯದ ಜೊತೆ ಯುದ್ಧ ನಡೀತಿದ್ದಾಗ ಇಲ್ಲಿ ದುಡೀತಿದ್ದ ಶತ್ರು ಕೈದಿ ಸ್ತೆಪಾನನ ಮೇಲೆ ಮನಸ್ಸಿಟ್ಲು. ಅವನನ್ನ ವಾಪಸ್ ಕಳಿಸಿದ್ರು. ಇವಳನ್ನ ನಾವು ಜೊತೆಗೆ ಸ್ನಾನಕ್ಕೆ ಸೇರಿಸಲಿಲ್ಲ. ಎಲ್ಲರದೂ ಮುಗಿದ ಮೇಲೆ ಹೊರಗೆ ನಿಂತು ಇದನ್ನೇ ಕೇಳ್ತಿದ್ಲು. ಸಾಯೋವರೆಗೂ ಯಾರೂ ಉತ್ತರ ಕೊಡ್ಲಿಲ್ಲ. ನೀನೇನಂದೆ?"

"ಬನ್ನಿ ಅಂದೆ."

"ಅವಳಿಗೆ ಅಷ್ಟೇ ಸಾಕಿತ್ತು," ಎಂದರು ಅತ್ತೆ.

ಆಗ ಉಗಿಮನೆಯೊಳಗೆ ಕಲ್ಲಿಗೆ ನೀರು ಎರಚಿದಂತೆ ಚುಂಯ್ ಎಂದಿತು. ಇಬ್ಬರೂ ಹೋಗಿ ನೋಡಿದೆವು. ಕಲ್ಲುಗಳು ತಣ್ಣಗಿದ್ದವು. ನಾನು ಒರೆಸಿ ಬಂದಿದ್ದ ಹಲಗೆಯ ಮೇಲೆ, ಒತ್ತಿಕೊಂಡು ಇಬ್ಬರು ಕೂತೆದ್ದ ಒದ್ದೆ ಗುರುತಿತ್ತು. ಮುಟ್ಟಿದರೆ ಎರಡೂ ಬೆಚ್ಚಗಿದ್ದವು.