ಇವರು ನಿಮಗೆ ಏನಾಗಬೇಕು?

ಸಭೆಯಲ್ಲಿ ಕಾರ್ಮಿಕ ಇಲಾಖೆಯ ಕುರ್ಚಿಯಲ್ಲಿ ಕೂತ ಹೊಸಬನನ್ನು ಕಂಡದ್ದೇ ತಡ, ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

ಮಾನವ ಕಳ್ಳಸಾಗಣೆ ತಡೆಯಲು ರಾಜ್ಯದ ಇಲಾಖೆಗಳನ್ನೆಲ್ಲ ಒಂದೇ ಮೇಜಿಗೆ ತರುವ ಸಮನ್ವಯಾಧಿಕಾರಿ ಅವಳು. ಪೊಲೀಸರು, ಸಾರಿಗೆಯವರು, ಮಕ್ಕಳ ಕಲ್ಯಾಣದವರು ಜೊತೆಗೆ ಕೂರುವುದೆಂದರೆ ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ. ಬಸ್ ನಿಲ್ದಾಣಗಳಿಗೆ ನಿಯಮ ಮಾಡಿದವಳೂ ಅವಳೇ: ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ, ಅವವೇ ಪ್ರಶ್ನೆಗಳನ್ನು ಕೇಳಿ, ಮೆಲ್ಲಗೆ ಕೇಳಿ. ಉತ್ತರ ಹೊಂದಿದರೆ ಒಟ್ಟಿಗೆ ಕಳಿಸಿಕೊಡಿ.

ಕಳೆದ ವಾರ ಅದನ್ನು ಅವಳೇ ಮುರಿದಿದ್ದಳು. ತುಟಿ ಬಿಚ್ಚದ ಹುಡುಗಿ, ಎಲ್ಲದಕ್ಕೂ ತಾನೇ ಉತ್ತರ ಕೊಡುವ ಗಂಡಸು. "ಇವಳನ್ನ ಎಲ್ಲಿ ಮಾರೋಕೆ ಹೊರಟಿದೀಯಾ?" ಎಂದು ತುಂಬಿದ ನಿಲ್ದಾಣದಲ್ಲಿ ಕೂಗಿದ್ದಳು. ಹುಡುಗಿ ಅವನ ಕಿವಿ ಕೇಳದ ತಂಗಿ. ಜನ ಸುತ್ತುವರಿದದ್ದು ಕಂಡು ಗಡಗಡ ನಡುಗಿ ಅತ್ತಿದ್ದಳು. ನಿಜ ತಿಳಿದಾಗ ಅಧಿಕಾರಿ ಮೇಡಂ ಕ್ಷಮೆಯನ್ನೂ ಕೇಳದೆ ಜಾಗ ಖಾಲಿ ಮಾಡಿದ್ದಳು.

ಈಗ ಆ ಅಣ್ಣನೇ ಕಾರ್ಮಿಕ ಇಲಾಖೆಯ ಕುರ್ಚಿಯಲ್ಲಿ ಪೆನ್ನು ತಿರುಗಿಸುತ್ತ ಅವಳನ್ನೇ ನೋಡುತ್ತಿದ್ದ. "ವಿಚಾರಣೆ... ಮೆಲ್ಲಗಿರಲಿ," ಎಂದು ನಿಯಮ ಓದುವಾಗ ತಡವರಿಸಿದಳು. ಅವನು ಅದನ್ನು ಬರೆದುಕೊಂಡ. ಬೈದಿದ್ದರೆ ವಾಸಿಯಿತ್ತು.

ಸಭೆ ಮುಗಿದ ಮೇಲೆ ಕಾರಿಡಾರ್‌ನಲ್ಲಿ ಅವನನ್ನು ತಡೆದಳು.

"ಸಾರಿ. ನಿಮ್ಮ ಮುಖ ನೋಡೋ ಯೋಗ್ಯತೆ ನನಗಿಲ್ಲ."

"ಅದಕ್ಕೇ ನನ್ನ ಶೂ ಜೊತೆ ಮಾತಾಡ್ತಿದ್ದೀರಾ?"

ನಗು ಬಂತು. ನಕ್ಕದ್ದಕ್ಕೂ ನಾಚಿಕೆಯಾಯಿತು.

"ನಿಜ ಹೇಳ್ಲಾ?" ಅವನ ದನಿ ಇಳಿಯಿತು. "ನನಗೂ ತಲೆ ತಗ್ಗಿಸೋ ಹಾಗಾಗಿದೆ. ಆವತ್ತು ನೀವು ಹೋದ ಮೇಲೆ ಪೊಲೀಸಮ್ಮ ನನ್ನ ತಂಗೀನ ಬೇರೆ ಕೂರಿಸಿ, ಎಲ್ಲಿಗೆ ಹೋಗ್ತಿದ್ದೀಯ ಅಂತ ಬರೆದು ಕೇಳಿದ್ರು. 'ಗೊತ್ತಿಲ್ಲ, ಅಣ್ಣಂಗೆ ಗೊತ್ತು' ಅಂತ ಬರೆದ್ಲು. ಹಾಸ್ಟೆಲ್‌ಗೆ ಸೇರಿಸೋಕೆ ಹೊರಟಿದ್ದೆ. ಅವಳನ್ನ ಒಂದು ಮಾತೂ ಕೇಳಿರಲಿಲ್ಲ."

ಮಾರಾಟವಾದ ಹುಡುಗಿಯರೂ ಇದನ್ನೇ ಹೇಳುವುದು. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲಿನ ಸಭೆಗಳಲ್ಲಿ ಸಾರಿಗೆಯವರು ಪೊಲೀಸರ ಮೇಲೆ ಹರಿಹಾಯ್ದಾಗಲೆಲ್ಲ ಅವನು ನೀರಿನ ಲೋಟವನ್ನು ಅವಳತ್ತ ಸರಿಸುತ್ತಿದ್ದ. ಅವಳು ಲೋಟ ನೋಡುತ್ತಿದ್ದಳು, ಅವನ ಬೆರಳು ನೋಡುತ್ತಿದ್ದಳು, ಮುಖವನ್ನು ಮಾತ್ರ ಇಲ್ಲ. ಪ್ರೀತಿಯೇನೋ ಹುಟ್ಟಿತ್ತು. ಹತ್ತು ಜನರ ಮುಂದೆ ಅವನ ಮರ್ಯಾದೆ ಕಳೆದವಳು ಅದನ್ನು ಯಾವ ಬಾಯಲ್ಲಿ ಹೇಳಬೇಕು?

ಅಣ್ಣ ಕೇಳಿದಾಗ ತಂಗಿ ಹಾಸ್ಟೆಲ್ ಬೇಡವೆಂದು, ಅದೇ ನಿಲ್ದಾಣದಲ್ಲಿ ಹೊಸದಾಗಿ ತೆರೆಯಲಿದ್ದ ಸಹಾಯ ಕೇಂದ್ರದ ಕೆಲಸ ಆರಿಸಿಕೊಂಡಳು. ಕೇಂದ್ರ ಶುರುವಾದ ಬೆಳಿಗ್ಗೆ ಅಣ್ಣನನ್ನು ಕಂಬದಾಚೆ ಕೂರಿಸಿ, ಏನೋ ಬರೆಸಿಕೊಂಡು, ಈಚೆ ಕೂತಿದ್ದ ಮೇಡಂ ಮುಂದೆ ಮೊಬೈಲ್ ಹಿಡಿದಳು. ನಿಯಮದ ಮೊದಲ ಪ್ರಶ್ನೆ: 'ಇವರು ನಿಮಗೆ ಏನಾಗಬೇಕು?'

'ನಾನು ಕ್ಷಮೆ ಕೇಳಬೇಕಾದವರು' ಎಂದು ಮೇಡಂ ಒತ್ತಿದಳು. ತಂಗಿ ಅದನ್ನು ಅಳಿಸಿ ಮತ್ತೆ ಹಿಡಿದಳು.

ಕಿವಿ ಬಿಸಿಯಾಯಿತು. 'ಬಿಟ್ಟಿರಲಾಗದವರು.'

ಆಗ ತಂಗಿ ಅಣ್ಣನ ಉತ್ತರ ತೋರಿಸಿದಳು: 'ನನಗೆ ತುಂಬಾ ಬೇಕಾದವರು. ಅವರಿಗೆ ನಾನು ಯಾರು ಅಂತ ಅವರನ್ನೇ ಕೇಳು. ಅವರ ಪರವಾಗಿ ನಾನು ಹೇಳಲ್ಲ.'

ಅವಳು ತಲೆಯೆತ್ತಿ ಕಂಬದಾಚೆಯಿಂದ ಇಣುಕುತ್ತಿದ್ದವನ ಮುಖ ನೋಡಿದಳು, ಮೊದಲ ಸಲ ನೇರವಾಗಿ. ಅವನ ಕಿವಿಯೂ ಕೆಂಪಾಗಿತ್ತು.

ತಂಗಿ ಗಂಭೀರವಾಗಿ ಟೈಪ್ ಮಾಡಿದಳು: 'ಉತ್ತರ ಹೊಂದಿದೆ. ಇಬ್ಬರೂ ಒಟ್ಟಿಗೆ ಹೋಗಬಹುದು.'