ಪಾಡ್ಯದ ದಿನ ನಿಲ್ಲುವ ಯಂತ್ರ

ಬೆಳಿಗ್ಗೆ ಒಂಬತ್ತೂವರೆಗೆ ರಾಣೆಬೆನ್ನೂರಿನಲ್ಲಿ ವಿಜಯಮಹಾಂತೇಶನ ಬಾಗಿಲು ಕೆತ್ತುವ ಯಂತ್ರ ಲ್ಯಾಪ್‌ಟಾಪಿನ ಮಾತು ಕೇಳದೆ ನಿಂತಿತು. 2008ರ ಆಗಸ್ಟ್ ಎರಡು, ಶನಿವಾರ. ನಾಗರ ಅಮಾವಾಸ್ಯೆಯ ಮರುದಿನ.

ಸ್ವಲ್ಪ ಹೊತ್ತಿಗೆ ಬ್ಯಾಡಗಿಯ ಕಂಪ್ಯೂಟರ್ ಅಂಗಡಿಯಲ್ಲಿ ಫೋನ್ ರಿಂಗಾಯಿತು. ಅಲ್ಲಿ ರಿಪೇರಿ ಕೆಲಸ ಮಾಡುವ ಸುಚಿತ್ರಾ ಅದನ್ನು ಎರಡನೆಯ ಸಲ ರಿಂಗಾಗಲು ಬಿಡಲಿಲ್ಲ.

"ಮೇಡಂ, ಮತ್ತ ಹಂಗ ಆಗೇತ್ರಿ."

"ಸ್ಕ್ರೀನ್ ಮ್ಯಾಲೆ ಏನ್ ಬರಾಕತ್ತೈತ್ರಿ?"

"ಪೋರ್ಟ್ ಸಿಗವಲ್ದು ಅಂತ. ನಿಮಗ ಗೊತ್ತಿರೂದ ಐತಲ್ರಿ."

ಕೊನೆಯ ಮಾತು ಅವಳಿಗೆ ಚುಚ್ಚಿತು. ಮಹಾಂತೇಶ ಬೇರೆ ಅರ್ಥದಲ್ಲಿ ಹೇಳಿದ್ದನೆಂದು ತಿಳಿದಿದ್ದರೂ ಚುಚ್ಚಿತು.

ಅಂಗಡಿಯ ಮಾಲಕ ಮಹಮ್ಮದ್ ಹನೀಫ್ ಪ್ರಿಂಟರಿನೊಳಗೆ ತಲೆ ತೂರಿಸಿಕೊಂಡೇ ಕೇಳಿದ. "ರಾಣೆಬೆನ್ನೂರಾ?"

"ಹೌದು ಚಾಚಾ."

"ಪಾಡ್ಯ ಬಂತಂದ್ರ ನಿನ್ನ ಬ್ಯಾಗ್ ತಾನ ಎದ್ದು ನಿಂದರ್ತೈತಿ ನೋಡು. ಹೋಗಿ ಬಾ. ಈ ಸಲರ ಪೂರ್ತಿ ರಿಪೇರಿ ಮಾಡಿ ಬಾ."

ಅವಳು ಬ್ಯಾಗ್ ಹೆಗಲಿಗೇರಿಸಿ ಹೊರಗೆ ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತುಕೊಳ್ಳಲು ಆಗಲಿಲ್ಲ, ನಿಂತುಕೊಳ್ಳಲೂ ಆಗಲಿಲ್ಲ. ಕೂದಲಿಗೆ ಕ್ಲಿಪ್ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಸ್ಸು ಮೋಟೆಬೆನ್ನೂರು ದಾಟುವವರೆಗೂ ಮನಸ್ಸಿನಲ್ಲಿ ಒಂದೇ ವಾಕ್ಯ ತಿರುಗುತ್ತಿತ್ತು. ಆ ವಾಕ್ಯವನ್ನು ಅವಳು ಕೆಲವು ತಿಂಗಳಿನಿಂದ ಬಾಯಿಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು.

'ಕೇಬಲ್ ಯಾವಾಗಲೂ ಇದೇ ತೂತಿಗೆ ಹಾಕ್ರಿ.'

ಸಂಗತಿ ಇಷ್ಟೇ. ಯಂತ್ರದ ಕಂಟ್ರೋಲರ್ ಹಳೆಯ ಮಾದರಿಯದು. ಅದಕ್ಕೆ ಹೊಂದುವ ಪೋರ್ಟು, ಅಂದರೆ ಕೇಬಲ್ ಚುಚ್ಚುವ ತೂತು, ಹೊಸ ಲ್ಯಾಪ್‌ಟಾಪಿನಲ್ಲಿ ಇಲ್ಲ. ಎರಡಕ್ಕೂ ನಡುವೆ ಒಂದು ಯುಎಸ್‌ಬಿ ಕೇಬಲ್ ಇದೆ. ಡ್ರೈವರ್ ಎಂಬ ಪ್ರೋಗ್ರಾಂ ಆ ಕೇಬಲಿಗೆ ಒಂದು ನಂಬರ್ ಕೊಡುತ್ತದೆ, ಕೆತ್ತನೆಯ ಸಾಫ್ಟ್‌ವೇರ್ ಆ ನಂಬರನ್ನೇ ಹುಡುಕುತ್ತದೆ. ಕೇಬಲನ್ನು ಕಿತ್ತು ಪಕ್ಕದ ತೂತಿಗೆ ಹಾಕಿದರೆ ವಿಂಡೋಸ್ ಅದನ್ನು ಬೇರೆ ಸಾಮಾನೆಂದು ತಿಳಿದು ಬೇರೆ ನಂಬರ್ ಕೊಡುತ್ತದೆ. ಸಾಫ್ಟ್‌ವೇರ್ ಹಳೆಯ ನಂಬರನ್ನೇ ಕೂಗುತ್ತ ಕುಳಿತಿರುತ್ತದೆ.

ಮಹಾಂತೇಶನ ಮನೆಯಲ್ಲಿ ಪ್ರತಿ ಅಮಾವಾಸ್ಯೆಗೆ ಯಂತ್ರದ ಪೂಜೆ. ಅವನ ಅಜ್ಜಿ ಮುದುಕವ್ವ ಎಲ್ಲ ವೈರು ಕಿತ್ತು, ಯಂತ್ರ ಒರೆಸಿ, ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ವಿಭೂತಿ ಹಚ್ಚುತ್ತಿದ್ದಳು. ಮರಳಿ ಹಾಕುವಾಗ ಕೈಗೆ ಸಿಕ್ಕ ತೂತಿಗೆ ಹಾಕುತ್ತಿದ್ದಳು. ಪಾಡ್ಯದ ಬೆಳಿಗ್ಗೆ ಯಂತ್ರ ನಿಲ್ಲುತ್ತಿತ್ತು.

ಎರಡನೆಯ ಸಲ ಹೋದಾಗಲೇ ಸುಚಿತ್ರಾಳಿಗೆ ಇದು ಗೊತ್ತಾಗಿತ್ತು. ಹೇಳಬೇಕೆಂದು ತಿರುಗಿದಾಗ ಮಹಾಂತೇಶ ಚಹಾದ ಎರಡು ಕಪ್ಪು ಹಿಡಿದು ನಿಂತಿದ್ದ. ರೆಪ್ಪೆಯ ಮೇಲೆಲ್ಲ ಸಾಗುವಾನಿಯ ಪುಡಿ. ಅವಳಿಗೆಂದು ತಂದ ಕಪ್ಪಿನೊಳಗೂ ಪುಡಿ ಬಿದ್ದಿದೆಯೇ ಎಂದು ಬಗ್ಗಿ ನೋಡಿ, ಬಿದ್ದದ್ದನ್ನು ಕಂಡು, ಸದ್ದಿಲ್ಲದೆ ತನ್ನ ಕಪ್ಪನ್ನು ಅವಳಿಗೆ ಕೊಟ್ಟು ಅವಳದನ್ನು ತಾನು ಇಟ್ಟುಕೊಂಡ. ಅವಳು ನೋಡಿಲ್ಲವೆಂದು ಅವನು ಅಂದುಕೊಂಡಿದ್ದ. ಅವಳು ನೋಡಿದ್ದಳು. ವಾಕ್ಯ ಅಲ್ಲೇ ಉಳಿಯಿತು. ನಂಬರ್ ಬದಲಿಸಿ, "ಆತ್ರಿ" ಅಂದು ಬಂದುಬಿಟ್ಟಿದ್ದಳು.

ಕಾರ್ಖಾನೆಯ ಬಾಗಿಲಲ್ಲೇ ಮುದುಕವ್ವ ಸಿಕ್ಕಳು.

"ಬಂದ್ಯಾ ಯವ್ವಾ? ಪಾಡ್ಯಕ್ಕ ಚಂದ್ರ ಕಾಣಂಗಿಲ್ಲ, ನೀ ಕಾಣ್ತೀ."

ಎಂದಿನ ಚೇಷ್ಟೆಯೇ. ಆದರೆ ಎಂದಿನ ನಗು ಇರಲಿಲ್ಲ. ಒಳಗೆ ಯಂತ್ರದ ತಲೆಯ ಮೇಲೆ ನಿನ್ನೆಯ ಚೆಂಡುಹೂವು ಬಾಡಿತ್ತು. ಗ್ರಹಣವಿದ್ದುದರಿಂದ ಪೂಜೆ ಬೆಳಿಗ್ಗೆಯೇ ಮುಗಿದಿತ್ತಂತೆ. ಯಂತ್ರದ ಹಾಸುಹಲಗೆಯ ಮೇಲೆ ಅರ್ಧ ಕೆತ್ತಿದ ಬಾಗಿಲು, ಅದರಲ್ಲಿ ಒಂದು ಬಳ್ಳಿ ಎಲೆ ಬಿಡುವ ಜಾಗದಲ್ಲೇ ನಿಂತಿತ್ತು.

ಮಹಾಂತೇಶ ಸ್ಟೂಲನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ.

"ಕುಂದ್ರಿ. ಬಸ್ಸಿನ್ಯಾಗ ಗದ್ದಲ ಇತ್ತೇನ್ರಿ?"

"ಇಲ್ರಿ. ಯಾಕ ಹಂಗ ಕೇಳಿದ್ರಿ?"

"ಕೂದಲಾ ಒಂದ್ ಕಡೆ ಕ್ಲಿಪ್ಪಿನ್ಯಾಗ ಐತಿ, ಒಂದ್ ಕಡೆ ಇಲ್ಲ."

ಅವಳು ಕೈ ಎತ್ತಿ ಸರಿಪಡಿಸಿಕೊಂಡಳು. ಅವನು ಬೇಗನೆ ಬೇರೆ ಕಡೆ ನೋಡಿದ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದರು.

"ಇವತ್ತೊಂದಿನ ನಡಿಯಂಗ ಮಾಡಿಕೊಡ್ರಿ ಸಾಕು," ಎಂದ ಮಹಾಂತೇಶ. "ಮೂರು ಗಂಟೇಕ ಹಾವೇರಿಯಿಂದ ಅಬ್ದುಲರಜಾಕ ಅಂತ ಬರ್ತಾರ. ಕಟ್ಟಿಗಿ ವ್ಯಾಪಾರಸ್ಥರು. ಯಂತ್ರ ನಡಿಯೂದ ನೋಡಿ ಒಯ್ತಾರ."

"ಒಯ್ತಾರ ಅಂದ್ರ?"

"ಕೊಡಾಕತ್ತೇನಿ."

ಸುಚಿತ್ರಾಳ ಕೈ ಲ್ಯಾಪ್‌ಟಾಪಿನ ಮೇಲೆ ಹಾಗೆಯೇ ನಿಂತಿತು. "ಯಾಕ್ರೀ? ಎಷ್ಟ ಆಸೆಯಿಂದ ತಂದಿದ್ರಿ."

"ಹೌದ್ರಿ. ಮನ್ಯಾಗ ಎಲ್ಲಾರೂ ಬ್ಯಾಡ ಅಂದಾಗ ತಂದೇನಿ." ಅವನು ಹಾಸಿನ ಮೇಲಿನ ಪುಡಿಯನ್ನು ಬೆರಳಿನಿಂದ ಸರಿಸಿದ. "ಬ್ಯಾರೆ ದಿನ ನಿಂತಿದ್ರ ಯಾರೂ ಏನೂ ಅಂತಿರಲಿಲ್ಲ. ಪೂಜಿ ಮಾಡಿದ ಮರುದಿನನ ನಿಲ್ಲತೈತಿ. ಪ್ರತಿ ಸಲ. ಈ ಯಂತ್ರ ಪೂಜಿ ಒಪ್ಪವಲ್ದು, ಮನಿಗೆ ಆಗಿಬರಾಂಗಿಲ್ಲ ಅಂತ ಓಣ್ಯಾಗೆಲ್ಲಾ ಮಾತು. ದೇವರ ಮನಿ ಬಾಗಲಾ ಇದರಾಗ ಕೆತ್ತಸಾಕ ಮಂದಿ ಅಂಜಾಕತ್ತಾರ. ಮೊನ್ನೆ ಅಜ್ಜಿ ಅತ್ತಳು. ತನ್ನ ಕೈಯಾಗ ಏನೋ ದೋಷ ಐತಿ, ತಾ ಹಚ್ಚಿದ ವಿಭೂತಿ ದೇವರು ತಗೋಳವಲ್ಲ ಅಂತ."

ಸುಚಿತ್ರಾ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ತಾನು ಮುಚ್ಚಿಟ್ಟದ್ದು ಒಂದು ಸಣ್ಣ ಮಾತೆಂದು ಅವಳು ನಂಬಿದ್ದಳು. ತಿಂಗಳಿಗೊಮ್ಮೆ ಒಂದು ಚಹಾ, ನಾಲ್ಕು ಮಾತು, ತಿರುಗಿ ಹೋಗುವಾಗ ಬಸ್ಸಿನ ಕಿಟಕಿಯ ಹತ್ತಿರ ಅವನು ನಿಲ್ಲುವ ಒಂದು ಗಳಿಗೆ. ಅಷ್ಟಕ್ಕಾಗಿ. ಅದು ಈ ಮನೆಯೊಳಗೆ ಬೆಳೆದು ಅಪಶಕುನವಾಗಿ ಕುಳಿತಿತ್ತು.

ಅವಳು ಕೆಲಸಕ್ಕೆ ತೊಡಗಿದಳು. ನಂಬರುಗಳ ಪಟ್ಟಿ ಇರುವ ಡಿವೈಸ್ ಮ್ಯಾನೇಜರ್ ತೆರೆದಳು. ಕೇಬಲ್ ಈಗ ಐದನೇ ನಂಬರಿನಲ್ಲಿತ್ತು. ಎಂದಿನಂತೆ ಸಾಫ್ಟ್‌ವೇರಿನಲ್ಲಿ ಐದು ಎಂದು ಬರೆದರೆ ಮುಗಿಯಿತು. ಮೂರು ಗಂಟೆಗೆ ಯಂತ್ರ ನಡೆಯುತ್ತದೆ, ಹಾವೇರಿಗೆ ಹೋಗುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ದಾರಿಯೂ ಇತ್ತು. ಮೂರು ತೂತಿಗೂ ಒಂದೇ ನಂಬರ್ ಹಚ್ಚಿಬಿಟ್ಟರೆ ಕೇಬಲ್ ಎಲ್ಲಿಗೆ ಹಾಕಿದರೂ ಯಂತ್ರ ಕೇಳುತ್ತದೆ. ಆಮೇಲೆ ಬ್ಯಾಡಗಿಗೆ ಫೋನ್ ಬರುವುದಿಲ್ಲ.

ಅವಳು ಕೇಬಲ್ ಕಿತ್ತು ಮೊದಲನೆಯ ತೂತಿಗೆ ಹಾಕಿದಳು. ನಂಬರ್ ಮೂರು. ಎರಡನೆಯದಕ್ಕೆ ಹಾಕಿ ನಾಲ್ಕನ್ನು ಮೂರು ಮಾಡಿದಳು. 'ಈ ನಂಬರ್ ಈಗಾಗಲೇ ಬಳಕೆಯಲ್ಲಿದೆ, ಮುಂದುವರಿಯಬೇಕೇ' ಎಂದು ಕಂಪ್ಯೂಟರ್ ಕೇಳಿತು. ಹೌದು ಅಂದಳು. ಮೂರನೆಯದಕ್ಕೂ ಹೌದು ಅಂದಳು. ಸಾಫ್ಟ್‌ವೇರಿನಲ್ಲಿಯೂ ಮೂರನ್ನೇ ಕೂಡಿಸಿದಳು.

"ಇದೇನ್ರಿ ಹೊಸಾದು? ಹಿಂದೆಲ್ಲಾ ಹಿಂಗ ಮಾಡತಿರಲಿಲ್ಲಲ್ಲಾ?" ಅವನು ಅವಳ ಹೆಗಲ ಹಿಂದೆ ಬಗ್ಗಿ ನೋಡುತ್ತಿದ್ದ.

"ಮಾಡತಿರಲಿಲ್ಲ."

"ಮತ್ತ?"

ಅವಳು ತಿರುಗಿದಳು. ಇಷ್ಟು ಹತ್ತಿರದಿಂದ ಅವನ ಮುಖವನ್ನು ಅವಳು ನೋಡಿರಲಿಲ್ಲ. ನೋಡಬೇಕೆಂದಿದ್ದ ದಿನ ಇದಾಗಿರಲಿಲ್ಲ.

"ಯಂತ್ರದಾಗ ದೋಷ ಇಲ್ರಿ. ನಿಮ್ಮ ಅಜ್ಜಿ ಕೈಯಾಗೂ ಇಲ್ಲ. ಪೂಜಿ ಮಾಡೂಮುಂದ ವೈರ್ ಕೀಳ್ತಾರ, ಹಾಕೂಮುಂದ ಬ್ಯಾರೆ ತೂತಿಗೆ ಹಾಕ್ತಾರ. ಅಷ್ಟಕ್ಕ ನಿಲ್ಲತೈತಿ. ಇನ್ನ ನಿಲ್ಲಂಗಿಲ್ಲ. ಯಂತ್ರ ಕೊಡಬ್ಯಾಡ್ರಿ."

ಮಹಾಂತೇಶ ಲ್ಯಾಪ್‌ಟಾಪಿನ ಬದಿಯ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. ಮುಖ ಅರಳತೊಡಗಿತು. "ಇಷ್ಟನ? ಖರೇ ಇಷ್ಟನ?" ನಗುತ್ತಿದ್ದವನು ನಡುವೆಯೇ ನಿಂತ. "ಇದು ಇವತ್ತ ಗೊತ್ತಾತೇನ್ರಿ ನಿಮಗ?"

ಹೌದು ಎನ್ನುವುದು ಸುಲಭವಿತ್ತು.

"ಇಲ್ರಿ. ಎರಡನೇ ಸಲ ಬಂದಾಗಿಂದ ಗೊತ್ತೈತಿ."

"ಎರಡನೇ ಸಲ..." ಅವನು ತೂತಿನ ಮೇಲಿದ್ದ ಬೆರಳು ತೆಗೆದ. "ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಕರೀತಿರಲಿಲ್ಲ."

  ಅವಳ ಮನದಾಸೆಯೆಲ್ಲ ಆ ಮೂರು ಶಬ್ದದಲ್ಲಿ ಇತ್ತು, ಅವನಿಗೆ ಅದು ತಿಳಿದೂ ಇತ್ತು. ಆದರೆ ಅವನು ನಗಲಿಲ್ಲ.

"ನಮ್ಮಜ್ಜಿ ಅತ್ತಾಳ್ರಿ," ಎಂದ. ದನಿ ಏರಲಿಲ್ಲ. "ಎಂಬತ್ತ ವರ್ಷದ ಮುದುಕಿ. ತನ್ನ ಕೈಯ ಕೆಟ್ಟದ್ದು ಅಂತ."

"ಅದು ನನಗ ಗೊತ್ತಿರಲಿಲ್ರಿ."

"ಯಂತ್ರ ನಿಂತೈತಿ ಅನ್ನೂದು ಗೊತ್ತಿತ್ತಲ್ರಿ?"

 ಅವನು ಗುಂಡಿ ಒತ್ತಿದ. ಯಂತ್ರದ ತಲೆ ಕೆಳಗಿಳಿದು ಬಳ್ಳಿ ನಿಂತ ಜಾಗಕ್ಕೇ ಬಂದು ಕೆತ್ತತೊಡಗಿತು. ಆ ಸದ್ದಿನಲ್ಲಿ ಮಾತು ಕೇಳುವಂತಿರಲಿಲ್ಲ. ಸುಚಿತ್ರಾ ಬ್ಯಾಗು ತೆಗೆದುಕೊಂಡಳು. ಬಾಗಿಲಲ್ಲಿ ಮುದುಕವ್ವನ ಕಾಲು ಮುಟ್ಟಿದಳು.

"ಅಯ್ಯ, ಇದ್ಯಾಕಬೇ? ಚಾ ಕುಡೀದ ಹೊಂಟಿ?"

"ನಿಮ್ಮ ಕೈಯಾಗ ಏನೂ ದೋಷ ಇಲ್ಲ ಅಜ್ಜಿ. ಅವರನ್ನ ಕೇಳ್ರಿ."

ಬಸ್‌ಸ್ಟ್ಯಾಂಡಿಗೆ ಅವಳೊಬ್ಬಳೇ ನಡೆದಳು. ಕಿಟಕಿಯ ಹೊರಗೆ ಆ ದಿನ ಯಾರೂ ನಿಲ್ಲಲಿಲ್ಲ. ಅಬ್ದುಲರಜಾಕ ಮೂರಕ್ಕೆ ಬಂದು ಬರಿಗೈಯಲ್ಲಿ ಹಾವೇರಿಗೆ ಮರಳಿದರೆಂಬುದು ಹನೀಫನ ಮೂಲಕ ಆಮೇಲೆ ತಿಳಿಯಿತು.

ಶ್ರಾವಣವಿಡೀ ಸುಚಿತ್ರಾಳಿಗೆ ಒಂದು ಕಡೆ ಮನಸ್ಸು ನಿಲ್ಲಲಿಲ್ಲ. ಫೋನ್ ರಿಂಗಾದರೆ ಹನೀಫನಿಗಿಂತ ಮೊದಲೇ ಓಡಿ ಎತ್ತುತ್ತಿದ್ದಳು, ಆಗದಿದ್ದರೆ ರಿಸೀವರ್ ಎತ್ತಿ ಸರಿಯಿದೆಯೇ ಎಂದು ನೋಡುತ್ತಿದ್ದಳು. ತಪ್ಪಾಯಿತೆಂದು ಹೇಳಲು ಎರಡು ಸಲ ನಂಬರ್ ಒತ್ತಿ ನಡುವೆಯೇ ಬಿಟ್ಟಳು. ಮನೆಯಲ್ಲಿ ಸಾರಿಗೆ ಉಪ್ಪು ಎರಡು ಬಾರಿ ಬಿತ್ತು. ಮೆಣಸಿನಕಾಯಿ ಪೇಟೆಯಿಂದ ಬಂದ ತಂದೆ ಪ್ರಭುಲಿಂಗಪ್ಪ ಒಂದು ತುತ್ತು ಉಂಡು ಮಗಳ ಮುಖ ನೋಡಿದರು, ಮಜ್ಜಿಗೆ ಸುರಿದುಕೊಂಡರು.

ಅಮಾವಾಸ್ಯೆ ಬಂತು. ಮರುದಿನ ಅವಳು ಅಂಗಡಿಗೆ ಬೇಗ ಬಂದು ಫೋನಿನ ಎದುರು ಕುಳಿತಳು. ಅದು ರಿಂಗಾಗಲಿಲ್ಲ. ತಾನು ಮಾಡಿದ ಕೆಲಸ ಎಷ್ಟು ಚೊಕ್ಕವಾಗಿದೆಯೆಂದು ಅವಳಿಗೆ ಸಂಜೆಯವರೆಗೂ ತಿಳಿಯುತ್ತಲೇ ಇತ್ತು.

ಅದಾದ ಮೇಲಿನ ಗುರುವಾರ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಮಹಾಂತೇಶ ಮೆಟ್ಟಿಲು ಹತ್ತಿ ಬಂದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ, ಕೇಬಲೂ ಇರಲಿಲ್ಲ.

ಸುಚಿತ್ರಾ ಎದ್ದು ನಿಂತಳು. "ಏನ್ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ಲ."

"ಮತ್ತ?"

"ಏನರ ಕೆಟ್ಟರನ ಬರಬೇಕೇನ್ರಿ?"

ಹನೀಫ್ ಪ್ರಿಂಟರಿನಿಂದ ತಲೆ ತೆಗೆದು ಇಬ್ಬರನ್ನೂ ನೋಡಿದ. "ನಾ ಚಾ ಹೇಳಿ ಬರ್ತೇನಿ," ಎಂದ. "ಚಾದಂವ ಲಗೂ ಕೊಡಂಗಿಲ್ಲ. ತಡಾ ಆಕ್ಕೈತಿ." ಹೊರಗೆ ಹೋಗಿ ಷಟರನ್ನು ಅರ್ಧ ಎಳೆದು, ಮತ್ತೆ ಏನೋ ಯೋಚಿಸಿ, ಪೂರ್ತಿ ಮೇಲೆತ್ತಿ ಹೋದ.

ಮಹಾಂತೇಶ ಕೌಂಟರಿನ ಮೇಲೆ ಕೈಯೂರಿದ. ಉಗುರಿನ ಸಂದಿಯಲ್ಲಿ ಕಟ್ಟಿಗೆಯ ಪುಡಿ ಇನ್ನೂ ಇತ್ತು.

"ಭಾಳ ಸಿಟ್ಟ ಬಂದಿತ್ರಿ ನನಗ."

"ಬರಬೇಕಾದ್ದ."

"ಅಜ್ಜಿಗೆ ಎಲ್ಲಾ ಹೇಳಿದೆ. ನೀವು ಯಾಕ ಮುಚ್ಚಿಟ್ರಿ ಅನ್ನೂದನ್ನೂ."

ಅವಳ ಕಿವಿ ಬಿಸಿಯಾದವು. "ಅದನ್ನೂ ಹೇಳಿದ್ರಾ?"

"ಅಜ್ಜಿಗೂ ಸಿಟ್ಟ ಬಂತು. ಎರಡ ದಿನ ನಿಮ್ಮನ್ನ ಬೈದಳು. ಮೂರನೇ ದಿನ ನನ್ನ ಬೈಯಾಕ ಚಾಲೂ ಮಾಡಿದಳು."

"ನಿಮ್ಮನ್ಯಾಕ?"

"'ಆ ಹುಡುಗಿ ಸುಳ್ಳ ಹೇಳಿದ್ರ ಪೂರ್ತಿ ಸುಳ್ಳ ಹೇಳಿ ಹೋಗಬಹುದಿತ್ತು. ಖರೇ ಹೇಳಿ ಬೈಸಿಕೊಂಡ ಹೋತು. ನೀ ಇಷ್ಟ ದಿನದಾಗ ಒಂದ ಖರೇ ಮಾತರ ಆಡಿಯೇನು' ಅಂತ ಕೇಳಿದಳು."

ಸುಚಿತ್ರಾ ಕೌಂಟರಿನ ಮೇಲಿದ್ದ ಮೌಸಿನ ವೈರನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ನೀವೇನ್ ಹೇಳಿದ್ರಿ?"

"ಆಡಿಲ್ಲ ಅಂದೆ." ಅವನು ಈ ಸಲ ಬೇರೆ ಕಡೆ ನೋಡಲಿಲ್ಲ. "ಈ ಪಾಡ್ಯಕ್ಕ ಯಂತ್ರ ಮುಂಜಾನಿಂದ ಸಂಜೀತನಾ ಒಂದ ಸವನ ನಡೀತು. ನಾ ಸ್ಟೂಲ್ ಒರೆಸಿ ಇಟ್ಟು ಬಾಗಲಾ ನೋಡಕೊಂತ ಕುಂತಿದ್ದೆ. ಯಂತ್ರಕ್ಕ ನೀವು ಬ್ಯಾಡಾದ್ರಿ ಸುಚಿತ್ರಾ. ನನಗ ಬೇಕು."

ಅವಳ ಕಣ್ಣು ತುಂಬಿದವು. ಒರೆಸಿಕೊಳ್ಳಲು ಹೋಗಿ ಮೌಸನ್ನು ಕೆಳಗೆ ಬೀಳಿಸಿದಳು. ಇಬ್ಬರೂ ಒಟ್ಟಿಗೆ ಬಗ್ಗಿದರು, ತಲೆಗೆ ತಲೆ ತಾಗಿತು, ಮೌಸು ಅಲ್ಲೇ ಉಳಿಯಿತು.

"ಇನ್ನ ಏನರ ಮುಚ್ಚಿಟ್ಟೀರೇನ್ರಿ?" ಎಂದು ಅವನು ಹಣೆ ತಿಕ್ಕಿಕೊಳ್ಳುತ್ತ ಕೇಳಿದ.

"ಒಂದೈತಿ. ಅವತ್ತ ಚಾದ ಕಪ್ ಬದಲಿ ಮಾಡಿದ್ದು ನಾ ನೋಡೇನಿ."

"ಹೋಗ್ರಿ," ಎಂದು ಮಹಾಂತೇಶ ನಾಚಿಕೊಂಡ.

ಹನೀಫ್ ಬಹಳ ಹೊತ್ತಿನ ಮೇಲೆ ಬಂದ. ಚಹಾ ತಣ್ಣಗಾಗಿತ್ತು. ಮೂವರೂ ಅದನ್ನೇ ಕುಡಿದರು.

ಆ ಭಾನುವಾರ ಮುದುಕವ್ವ ಮೊಮ್ಮಗನೊಂದಿಗೆ ಬಸ್ಸು ಹತ್ತಿ ಬ್ಯಾಡಗಿಗೆ ಬಂದು ಪ್ರಭುಲಿಂಗಪ್ಪನವರ ಹತ್ತಿರ ಹೆಣ್ಣು ಕೇಳಿದಳು. ದೀಪಾವಳಿ ಮುಗಿದ ಮೇಲೆ ಕದರಮಂಡಲಗಿಯ ಗುಡಿಯಲ್ಲಿ ಇಬ್ಬರ ಮದುವೆ ಆಯಿತು.